ಈ ಭಾನುವಾರ: ಮಿಸ್ಟರ್ ಬಂಗಲ್‌ನ ಮೊದಲ ಆಲ್ಬಮ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಡೊಂಬಿವಲಿಯಲ್ಲಿ ಸೇರುವುದು ಪಕ್ಕಾ. ಈ ಸಲ ಕೇಳುವುದು ಮಿಸ್ಟರ್ ಬಂಗಲ್ ಬ್ಯಾಂಡ್‌ನ ಮೊದಲ ಆಲ್ಬಮ್. 1991ರದ್ದು, ಆಲ್ಬಮ್‌ಗೂ ಬ್ಯಾಂಡ್‌ನದೇ ಹೆಸರು.

ಕ್ಯಾಲಿಫೋರ್ನಿಯಾದ ಯುರೇಕಾ ಊರಿನ ಹೈಸ್ಕೂಲ್ ಹುಡುಗರು 1985ರಲ್ಲಿ ಕಟ್ಟಿದ ಬ್ಯಾಂಡ್ ಇದು. ಮೊದಲು ಜೋರು ಮೆಟಲ್ ರಾಕ್ ನುಡಿಸುತ್ತಿದ್ದವರು ಆಮೇಲೆ ಸ್ಯಾಕ್ಸೊಫೋನ್, ಕುಣಿಸುವ ತಾಳದ ಫಂಕ್, ಜಮೈಕಾದ ಸ್ಕಾ ಸಂಗೀತ, ಜಾತ್ರೆಯಲ್ಲಿ ಕೇಳುವಂಥ ಆರ್ಗನ್ ಎಲ್ಲವನ್ನೂ ಸೇರಿಸಿಕೊಂಡು, ಒಂದೇ ಹಾಡಿನೊಳಗೆ ನಾಲ್ಕೈದು ಕಡೆ ತಿರುಗುವ ಸಂಗೀತ ಮಾಡಿದರು. ಹಾಡಿದವರು ಮೈಕ್ ಪ್ಯಾಟನ್. ಆಗಲೇ ಫೇತ್ ನೋ ಮೋರ್ ಬ್ಯಾಂಡ್‌ನಿಂದ ಹೆಸರು ಮಾಡಿದ್ದರು, ವಾರ್ನರ್‌ನಂಥ ದೊಡ್ಡ ರೆಕಾರ್ಡ್ ಕಂಪನಿ ಇಂಥ ಆಲ್ಬಮ್ ತರಲು ಅದೂ ಕಾರಣ ಇರಬೇಕು ಅಲ್ವಾ? ಬ್ಯಾಂಡ್ ಜೊತೆ ನಿರ್ಮಾಣಕ್ಕೆ ಕೂತವರು ನ್ಯೂಯಾರ್ಕ್‌ನ ಸ್ಯಾಕ್ಸೊಫೋನ್ ವಾದಕ ಜಾನ್ ಜೋರ್ನ್.

ಮೊದಲ ಸಲ ಗೊಂದಲ ಅನಿಸಬಹುದು. ಬ್ಯಾಂಡ್‌ನ ಟ್ರೆವರ್ ಡನ್ ನುಡಿಸುವ ಬಾಸ್ ಗಿಟಾರ್‌ನ ಸದ್ದನ್ನೇ ಹಿಂಬಾಲಿಸಿ ಕೇಳಿ, ಹಾಡು ಎಲ್ಲಿ ತಿರುಗಿದರೂ ದಾರಿ ತಪ್ಪುವುದಿಲ್ಲ. ನನಗಂತೂ ಇಷ್ಟು ಧೈರ್ಯದ ಮೊದಲ ಆಲ್ಬಮ್ ತುಂಬಾ ಕಡಿಮೆ ಸಿಕ್ಕಿವೆ.

ಹತ್ತೇ ಹಾಡು, ಆದರೆ 70 ನಿಮಿಷಕ್ಕೂ ಜಾಸ್ತಿ. ನಡುವೆ ನಿಲ್ಲಿಸುವುದಿಲ್ಲ, ಮಾತೆಲ್ಲ ಆಮೇಲೆ. ಸಾಹಿತ್ಯ ಕೆಲವು ಕಡೆ ತೀರಾ ಅಶ್ಲೀಲ, ಮಕ್ಕಳನ್ನು ಕರೆತರಬೇಡಿ. ಮೊದಲೇ ಕೇಳುವವರು ಲೋಕಲ್ ರೈಲಿನ ಗದ್ದಲದಲ್ಲಿ ಬೇಡ, ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸಣ್ಣ ಸದ್ದುಗಳೇ ಇಲ್ಲಿ ಮಜಾ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೇಳಿ, ಅವಲಕ್ಕಿ ಎಷ್ಟು ಮಾಡಬೇಕು ಅಂತ ಗೊತ್ತಾಗಬೇಕು.