ಕ್ಯಾಪ್ಟನ್‌ಗೆ, ಫೀಸು ಕಟ್ಟುವ ವಿಷಯವಾಗಿ

ಪ್ರೀತಿಯ ಕ್ಯಾಪ್ಟನ್,

ಆವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿನಗೆ ಆಫೀಸಿಗೆ ಹೊತ್ತಾಗಿತ್ತು, ನನ್ನ ಪಕ್ಕದಲ್ಲಿ ಜನ ಇದ್ದರು. "ದುಡ್ಡು ಕಳಿಸೋಕೆ ನಾನು ರೆಡಿ. ಆದರೆ ಒಂದು ಹುಡುಗಿಯ ಕಾಲೇಜು ಫೀಸು ಕಟ್ಟಿದರೆ ಊರಿಗೇನು ಬಂತು? ಅದರ ಬದಲು ಆಸ್ಪತ್ರೆಗೆ ಒಂದು ಮಷೀನು ಕೊಡಿಸಬಹುದಲ್ವಾ?" ಅಂದೆ. ಇದೇ ಮಾತನ್ನು ನಮ್ಮ ಚರ್ಚಿನ ಸಭೆಯಲ್ಲೂ ಮೂರ್ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲಿನವರು ಯಾರಾದರೂ ಓದುತ್ತಿದ್ದರೆ, ಹೌದು, ಇವನು ಅದೇ ಕ್ಯಾಪ್ಟನ್. ಬಕೆಟ್ ವಿಷಯ ಯಾರೂ ಎತ್ತಬೇಡಿ.

ಮಷೀನು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮಷೀನು ಇದ್ದೂ ಬೀಗ ಹಾಕಿರುವ ರೂಮನ್ನು ಕಣ್ಣಾರೆ ನೋಡಿದ್ದೇನೆ. ಸ್ಕ್ಯಾನಿಂಗ್ ಯಂತ್ರದ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಕೊಟ್ಟವರ ಹೆಸರು ಕೆತ್ತಿದ ಕಲ್ಲು ಬಾಗಿಲ ಪಕ್ಕದಲ್ಲಿ ಫಳಫಳ ಹೊಳೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಡಾಕ್ಟರು ಬಿಟ್ಟು ಹೋಗಿ ವರ್ಷಗಳಾಗಿದ್ದವು. ಸಣ್ಣ ಊರಿನ ಆಸ್ಪತ್ರೆಗಳಿಗೆ ಈಗ ಜನ ಸಿಗುತ್ತಿಲ್ಲ ಕಣೋ. ಓದಿದ ಮೇಲೆ ಅಲ್ಲಿಗೆ ಹೋಗಿ ಇರುತ್ತೇನೆ ಅನ್ನುವ ಜನ.

ವೆಲ್ಲೂರಿನ ಕಥೆ, ಅಂದರೆ ತಮಿಳುನಾಡಿನ ವೆಲ್ಲೂರಿನಲ್ಲಿರುವ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಥೆ, ನಿನಗೆ ಗೊತ್ತು, ಆದರೂ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಕಾಯಿಲೆ ಕೈಮೀರಿದರೆ "ವೆಲ್ಲೂರಿಗೆ ತೋರಿಸಿದ್ರಾ?" ಅಂತ ಇವತ್ತಿಗೂ ಕೇಳುತ್ತಾರೆ. ಆ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ 1870ರಲ್ಲಿ ಮಿಷನರಿ ಮನೆತನದಲ್ಲಿ ಹುಟ್ಟಿದವರು. ಎಳೆ ಪ್ರಾಯದಲ್ಲಿ ಒಂದೇ ರಾತ್ರಿ ಮೂರು ಮನೆಯ ಗಂಡಸರು ಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬಾಮ್ಮಾ ಅಂತ ಕರೆದರಂತೆ. ನನಗೇನೂ ಗೊತ್ತಿಲ್ಲ, ನಮ್ಮಪ್ಪ ಡಾಕ್ಟರು, ಅವರನ್ನು ಕರೆದುಕೊಂಡು ಹೋಗಿ ಅಂದರೆ ಗಂಡಸು ಬೇಡ ಅಂದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು. ಆಮೇಲೆ ಈಕೆ ಅಮೆರಿಕಕ್ಕೆ ಹೋಗಿ ಕಾರ್ನೆಲ್‌ನಲ್ಲಿ ಡಾಕ್ಟರಿಕೆ ಓದಿ 1900ರಲ್ಲಿ ವಾಪಸ್ ಬಂದರು. ಇಷ್ಟನ್ನು ಭಾನುವಾರದ ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಜೊತೆಯಲ್ಲಿ ತಂದ ದುಡ್ಡಿನ ಮಾತು ಯಾಕೋ ಕಡಿಮೆ. ಶೆಲ್ ಅನ್ನುವ ನ್ಯೂಯಾರ್ಕಿನ ಬ್ಯಾಂಕರು ತೀರಿಹೋದ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟಿದ್ದರು. ಅದರಿಂದ 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ ಎದ್ದಿತು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯನ್ನೇ ನೋಡು, 1906ರದ್ದು, ಅದರ ಹೆಸರೂ ಮೇರಿ ಹೋಲ್ಡ್ಸ್‌ವರ್ತ್ ಅನ್ನುವ ಹೆಂಗಸಿನ ನೆನಪಿನದೇ. ಆ ಕಾಲದ ಎಷ್ಟೋ ದಾನದ ಹಿಂದೆ ಮನೆಯೊಳಗಿನ ಒಂದು ಸಾವು ಇತ್ತು ಅಂತ ನನಗೆ ಅನ್ನಿಸುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಭಾಗ. ಒಬ್ಬರೇ ಎಷ್ಟು ಜನರನ್ನು ನೋಡೋಕೆ ಆಗುತ್ತೆ? ಐಡಾ ಕಲಿಸೋಕೆ ಹೊರಟರು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಮೊದಲ ವರ್ಷ ಸೇರಿದ್ದು 17 ಹುಡುಗಿಯರು. ಇವರು ಪಾಸಾಗುತ್ತಾರೆ ಅನ್ನುವ ನಂಬಿಕೆ ಮದ್ರಾಸಿನ ದೊಡ್ಡ ಅಧಿಕಾರಿಗಳಿಗೇ ಇರಲಿಲ್ಲ. ಅವರಲ್ಲಿ 14 ಮಂದಿ ಓದು ಮುಗಿಸಿ ಹೊರಬಂದರು.

ಆ ಶಾಲೆ ಉಳಿದಿದ್ದು ಹೇಗೆ ಗೊತ್ತಾ? 1920ರ ದಶಕದ ಶುರುವಿನಲ್ಲಿ ಲೂಸಿ ಪೀಬಡಿ ಅನ್ನುವವರ ಮುಂದಾಳತ್ವದಲ್ಲಿ ಅಮೆರಿಕದ ಸಭೆಗಳ ಹೆಂಗಸರು ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗೆ ದುಡ್ಡು ಕೂಡಿಸಿದರು. ವೆಲ್ಲೂರು ಅದರಲ್ಲೊಂದು. ರಾಕ್‌ಫೆಲರ್ ಮನೆತನದ ನಿಧಿಯವರು ಒಂದು ಷರತ್ತು ಹಾಕಿದ್ದರು. ನೀವು 20 ಲಕ್ಷ ಡಾಲರ್ ಕೂಡಿಸಿ, ನಾವು 10 ಲಕ್ಷ ಕೊಡುತ್ತೇವೆ ಅಂತ. ಸರಿ, ಒಂದೊಂದು ಡಾಲರ್ ಅಂತ ಕೇಳಿಕೊಂಡು ಮನೆಮನೆ ಸುತ್ತಿದರು. ಆ ಹೆಂಗಸರಲ್ಲಿ ಎಷ್ಟೋ ಜನ ವೆಲ್ಲೂರನ್ನು ನಕ್ಷೆಯಲ್ಲೂ ನೋಡಿರಲಾರರು. ಅವರು ಕೊಟ್ಟ ಡಾಲರಿನಲ್ಲಿ ಓದಿದ ಯಾರೋ ಡಾಕ್ಟರಮ್ಮನ ಕೈಯಲ್ಲಿ ನಮ್ಮ ಅಜ್ಜಿಯರ ಕಾಲದ ಯಾರೋ ಒಬ್ಬರು ಹೆತ್ತು ಬದುಕಿಕೊಂಡಿರಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ವೆಲ್ಲೂರಿನ ಪದ್ಧತಿ ಹೀಗಿದೆ: ಸಭೆಗಳು, ಮಿಷನ್ ಸಂಸ್ಥೆಗಳು ತಮ್ಮ ಮಕ್ಕಳನ್ನು ಪ್ರಾಯೋಜಿಸುತ್ತವೆ. ಖಾಸಗಿ ವೈದ್ಯಕೀಯ ಕಾಲೇಜಿನ ಲಕ್ಷಗಳ ಮುಂದೆ ಅಲ್ಲಿಯ ಫೀಸು ಏನೇನೂ ಅಲ್ಲ. ಓದು ಮುಗಿದ ಮೇಲೆ ಆ ಮಕ್ಕಳು ಎರಡು ವರ್ಷ ಡಾಕ್ಟರು ಸಿಗದ ಕಡೆ, ಸಾಮಾನ್ಯವಾಗಿ ಮಿಷನ್ ಆಸ್ಪತ್ರೆಯಲ್ಲಿ, ಕೆಲಸ ಮಾಡಬೇಕು. ಮೊದಲ ವರ್ಷದಲ್ಲೇ ಹಳ್ಳಿಗೆ ಕರೆದುಕೊಂಡು ಹೋಗಿ ಅಲ್ಲೇ ಉಳಿಸುತ್ತಾರೆ. ನೀರು ಎಲ್ಲಿಂದ ತರುತ್ತೀರಿ, ಏನು ಉಣ್ಣುತ್ತೀರಿ, ಕೂಸಿಗೆ ಚುಚ್ಚುಮದ್ದು ಆಗಿದೆಯಾ ಅಂತ ಜಗಲಿ ಜಗಲಿಯಲ್ಲಿ ಕೂತು ಕೇಳಿಸುತ್ತಾರೆ.

ಇದರಲ್ಲಿ ದಾನದ ಪಾತ್ರ ಎಲ್ಲಿದೆ ಅಂದರೆ, ಸಾಲ ಇಲ್ಲದಿರುವುದರಲ್ಲಿ. ಅಪ್ಪ ಅಡಿಕೆ ತೋಟ ಅಡ ಇಟ್ಟು ಓದಿಸಿದ ಹುಡುಗನಿಗೆ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗು ಅಂತ ಯಾವ ಬಾಯಲ್ಲಿ ಹೇಳುತ್ತೀಯಾ? ಅವನಿಗೆ ಮನಸ್ಸಿದ್ದರೂ ಬ್ಯಾಂಕಿನವರು ಬಿಡಬೇಕಲ್ಲ. ಸೇವೆ ಸೇವೆ ಅಂತ ವೇದಿಕೆ ಮೇಲೆ ನಿಂತು ಹೇಳುವುದು ಸುಲಭ. ಆ ಮಕ್ಕಳಿಗೆ ಹೋಗಲು ಆಗುವ ಹಾಗೆ ಮೊದಲೇ ದಾರಿ ಮಾಡಿಕೊಡಬೇಕು. ಫೀಸು ಕಟ್ಟುವುದು ಅಂದರೆ ನನ್ನ ಲೆಕ್ಕದಲ್ಲಿ ಇದೇ.

ಇಷ್ಟು ದಿನ ಆ ದುಡ್ಡು ಬಹುಪಾಲು ಹೊರಗಿನಿಂದ ಬಂತು. ಇಂಗ್ಲೆಂಡಿನಲ್ಲಿ ವೆಲ್ಲೂರಿನ ಗೆಳೆಯರ ಸಂಘ ಇದೆ, ಅಮೆರಿಕದಲ್ಲಿ ಪ್ರತಿಷ್ಠಾನ ಇದೆ. ಸಣ್ಣ ಆಸ್ಪತ್ರೆ, ಸಣ್ಣ ಹಾಸ್ಟೆಲುಗಳಿಗೆ ಮಾತ್ರ ಕಷ್ಟ. 2020ರಲ್ಲಿ ವಿದೇಶಿ ದೇಣಿಗೆಯ ಕಾನೂನು ಬಿಗಿಯಾಯಿತು. ಹಣ ಮೊದಲು ದೆಹಲಿಯ ಒಂದೇ ಎಸ್‌ಬಿಐ ಶಾಖೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವ ಹಾಗಿಲ್ಲ, ಆಡಳಿತದ ಖರ್ಚು ಶೇ 20 ದಾಟುವ ಹಾಗಿಲ್ಲ. ಅದರ ಸರಿ ತಪ್ಪು ಬೇರೆ ಮಾತು. ನನಗೆ ಕಾಡುವುದು ಇಷ್ಟೇ: ನೂರು ವರ್ಷ ಬೇರೆ ದೇಶದ ಹೆಂಗಸರು ಸೆರಗಿನ ಗಂಟು ಬಿಚ್ಚಿದರು. ನಮ್ಮ ಸಭೆಗಳಲ್ಲಿ ಈಗ ಕಾರಿಟ್ಟವರಿದ್ದಾರೆ, ಸೈಟು ಮಾಡಿದವರಿದ್ದಾರೆ. ಇನ್ನು ಅದು ನಮ್ಮ ಪಾಳಿ ಅಲ್ವಾ?

ನಮ್ಮಲ್ಲಿ ಶುರು ಮಾಡಿದ್ದು ಚರ್ಚಿನ ಸುಗ್ಗಿ ಹಬ್ಬದ ಹರಾಜಿನಿಂದ, ಸಭೆಯವರು ತಂದುಕೊಟ್ಟಿದ್ದನ್ನು ಕೂಗಿ ಮಾರುತ್ತೇವಲ್ಲ, ಅದು. ಈ ಸಲ ಹರಾಜಿನ ಒಂದು ಪಾಲು ಓದುವ ಮಕ್ಕಳಿಗೆ ಅಂತ ನಮ್ಮ ಪಾದ್ರಿ ಅಯ್ಯನವರು ಮೊದಲೇ ಹೇಳಿದ್ದರು. ಯಾರೋ ತಂದ ಸಿಹಿಗುಂಬಳಕ್ಕೆ ಇಬ್ಬರು ಷಡ್ಡಕರು ಜಿದ್ದಿಗೆ ಬಿದ್ದರು. ಸಂತೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕಾಯಿ ಎರಡು ಸಾವಿರ ದಾಟಿತು. ಗೆದ್ದವರು ಅದನ್ನು ತಿರುಗಿ ಮೇಜಿನ ಮೇಲಿಟ್ಟು "ಇನ್ನೊಂದು ಸಲ ಕೂಗಿ" ಅಂದರು. ಒಂದೇ ಕುಂಬಳಕಾಯಿ ಮತ್ತೆ ಮಾರಾಟವಾಯಿತು! ಗದ್ದಲದ ಮಧ್ಯೆ ಹಿಂದಿನ ಬೆಂಚಿನ ಒಬ್ಬ ಅಜ್ಜಿ ಕರ್ಚೀಫಿನಲ್ಲಿ ಕಟ್ಟಿದ ಚಿಲ್ಲರೆ ತಂದು ಸುಮ್ನೆ ಡಬ್ಬಿಗೆ ಸುರಿದು ಹೋದರು. ಬೈಬಲಿನಲ್ಲಿ ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿದ ವಿಧವೆಯ ಭಾಗವನ್ನು ಓದುವಾಗ ಈಗ ನನಗೆ ಅವರದೇ ಮುಖ ಬರುತ್ತದೆ.

ಆ ದುಡ್ಡಿನಲ್ಲಿ ಈಗ ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ತೋಟದಲ್ಲಿ ಕೂಲಿ ಮಾಡುವವರ ಮಗಳು. ಮೊನ್ನೆ ರಜೆಗೆ ಬಂದಿದ್ದಳು. ಯಾರೂ ಹೇಳದೆಯೇ, ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ಅಜ್ಜಿಯರಿಗೆಲ್ಲ ಬಿಪಿ ನೋಡಿದಳು. ಒಬ್ಬರು ಬಿಪಿ ಮಾತ್ರೆಯನ್ನು ಭಾನುವಾರ ದೇವಾಲಯಕ್ಕೆ ಬರುವಾಗ ಮಾತ್ರ ನುಂಗುತ್ತಿದ್ದರಂತೆ, ಮೆಟ್ಟಿಲು ಹತ್ತಬೇಕಲ್ಲ ಅಂತ. ಇವಳು ನಗಲಿಲ್ಲ, ಬೈಯಲೂ ಇಲ್ಲ. ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಮಾತ್ರೆ ಹಾಳೆಯ ಹಿಂದೆ ಪೆನ್ನಿನಲ್ಲಿ ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬರೆದು ಕೊಟ್ಟಳು. "ದಿನಾ ಸೂರ್ಯ ಬಂದಾಗ ಇದು, ಚಂದ್ರ ಬಂದಾಗ ಇದು, ಅಜ್ಜಿ." ಎರಡು ವರ್ಷದ ಕೆಳಗೆ ಇದೇ ಹುಡುಗಿ ಪ್ರಾರ್ಥನೆ ಮಾಡು ಅಂದರೆ ಬಾಗಿಲ ಹಿಂದೆ ಅಡಗುತ್ತಿದ್ದಳು ಕಣೋ.

ಅವತ್ತೇ ಅವಳನ್ನು ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದರು. ಸಭೆಯವರು ಮಾಡಿದ ಉಪಕಾರ ನೆನೆಸಿಕೊಂಡು ಎರಡು ಮಾತಾಡಮ್ಮ ಅಂತ. ಜಗಲಿಯಲ್ಲಿ ಅಷ್ಟು ಸಲೀಸಾಗಿ ಮಾತಾಡುತ್ತಿದ್ದವಳ ದನಿ ಮೈಕಿನ ಮುಂದೆ ಇಳಿದುಹೋಯಿತು. "ನನ್ನಂಥ ಬಡವಳಿಗೆ" ಅಂತ ಶುರು ಮಾಡಿದಳು. ನನಗೆ ಕೂರಲು ಆಗಲಿಲ್ಲ. ಎದ್ದು ಹೊರಗೆ ಬಂದೆ.

ಯಾಕೆ ಅಂತ ನಿನಗೆ ಹೇಳಬೇಕು. ನನ್ನ ಫೀಸನ್ನೂ ಯಾರೋ ಕಟ್ಟಿದ್ದರು. ಮಾವ ಕಟ್ಟುತ್ತಾರೆ ಅಂತ ನಿನಗೆ ಹೇಳುತ್ತಿದ್ದೆನಲ್ಲ, ಅಂಥ ಮಾವ ಯಾರೂ ಇರಲಿಲ್ಲ. ಹೆಸರು ಗೊತ್ತಿಲ್ಲದ ಒಬ್ಬ ದಾನಿ. ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಕಾಗದ ಬರೆಯಬೇಕಿತ್ತು, ಬೋರ್ಡಿನ ಮೇಲೆ ಬರೆದ ಸಾಲುಗಳನ್ನು ನೋಡಿಕೊಂಡು. ನಾವೆಲ್ಲ ಚೆನ್ನಾಗಿದ್ದೇವೆ, ನಿಮಗಾಗಿ ಪ್ರಾರ್ಥಿಸುತ್ತೇವೆ. ಅಪ್ಪ ತೀರಿಹೋದ ವರ್ಷವೂ ಅದನ್ನೇ ಬರೆದೆ. ನಾವೆಲ್ಲ ಚೆನ್ನಾಗಿದ್ದೇವೆ. ನೀವೆಲ್ಲ ಶನಿವಾರ ಮಸಾಲೆ ದೋಸೆಗೆ ಹೊರಟಾಗ ನನಗೆ ಹೊಟ್ಟೆನೋವು ಬರುತ್ತಿತ್ತಲ್ಲ, ಅದೂ ಇದಕ್ಕೇ. ಯಾರದೋ ದುಡ್ಡಿನಲ್ಲಿ ಓದುವವನು ದೋಸೆ ತಿನ್ನಬಹುದಾ ಅನ್ನಿಸುತ್ತಿತ್ತು. ಹೊಸ ಅಂಗಿ ಹಾಕಿದರೂ ಯಾರೋ ನೋಡಿಬಿಡುತ್ತಾರೆ ಅಂತ ಭಯ. ಆ ದಾನಿ ಇಲ್ಲದಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ, ಆ ಋಣ ನನ್ನ ಮೈಯಲ್ಲಿದೆ, ದಿನಾ ಅವರಿಗಾಗಿ ಪ್ರಾರ್ಥಿಸುತ್ತೇನೆ, ಈಗ ಬೋರ್ಡು ನೋಡದೆ. ಆದರೆ ಆ ಕುಗ್ಗುವಿಕೆ ಹೋಗಲು ಬಹಳ ವರ್ಷ ಹಿಡಿಯಿತು. ಮನೆಯಲ್ಲೂ ಇದನ್ನು ಹೇಳಿರಲಿಲ್ಲ. ನಿನ್ನೆ ಹೇಳಿದೆ.

ಹಾಗಾಗಿ ಕಮಿಟಿಯಲ್ಲಿ ಒಂದು ಮಾತು ಎತ್ತಿದೆ. ಮಕ್ಕಳನ್ನು ಮೈಕಿನ ಮುಂದೆ ನಿಲ್ಲಿಸುವುದು ಬೇಡ, ಕೊಟ್ಟವರ ಜೊತೆ ಫೋಟೋ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ ಓದುತ್ತೇವಲ್ಲ, ಇಲ್ಲಿ ಮಾಡಿ ತೋರಿಸೋಣ. ಒಬ್ಬ ಹಿರಿಯರು, "ಹಾಗಾದರೆ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗೋದು ಬೇಡ್ವೇನಪ್ಪಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ರಸೀದಿ, ಮಾರ್ಕ್ಸ್ ಕಾರ್ಡು ಕಾಲೇಜಿನಿಂದ ಕಮಿಟಿಗೆ ಬರಲಿ, ಆ ಮಗುವಿನ ಬಾಯಿಂದ ಬರುವುದು ಬೇಡ ಅಂದೆ. ಇನ್ನೊಂದು ಒಳ್ಳೆಯ ಕೆಲಸ ಸ್ತ್ರೀಯರ ಕೂಟದಿಂದ ಆಯಿತು. ರಿಟೈರ್ ಆದ ನಮ್ಮ ನರ್ಸ್ ಸಿಸ್ಟರ್ ಒಬ್ಬರು ಅವಳಿಗೆ ಆಗಾಗ ಫೋನ್ ಮಾಡುತ್ತೇನೆ ಅಂದರು. ಊಟ ಸರಿಯಾಗಿದೆಯಾ, ವಾರ್ಡಿನಲ್ಲಿ ಮೊದಲ ಸಾವು ನೋಡಿದ ದಿನ ನಿದ್ದೆ ಬಂತಾ, ಇಂಗ್ಲಿಷಿನ ಪಾಠ ಅರ್ಥವಾಗುತ್ತಾ ಅಂತ ಕೇಳೋಕೆ. ಆ ಕೊನೆಯ ವರ್ಷಗಳಲ್ಲಿ ನನಗೆ ಇಂಥ ಒಬ್ಬರು ಬೇಕಿತ್ತು. ಇವಳು ಓದು ಮುಗಿಸಿ ನಮ್ಮೂರಿಗೇ ಬರಬೇಕು ಅನ್ನುವ ಷರತ್ತನ್ನೂ ಬೇಡ ಅಂದೆ. ಡಾಕ್ಟರಾಗುವವರಿಗೆ ಎರಡು ವರ್ಷದ ಕರಾರು ಇರಲಿ, ಅದು ಮೊದಲೇ ಗೊತ್ತಿರುವ ಮಾತು. ಆಮೇಲೆ ನಮ್ಮ ಹಂಗಿಗೆ ಯಾರನ್ನೂ ಕಟ್ಟಿಹಾಕಬಾರದು. ಇನ್ನೂ ತೀರ್ಮಾನ ಆಗಿಲ್ಲ, ಮುಂದಿನ ಸಭೆಗೆ ಹೋಗಿದೆ. ನಾನು ಬಿಡುವುದಿಲ್ಲ.

ಸಾಕು, ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ನೀನು ಓದುತ್ತಾ ಕನ್ನಡಕ ತೆಗೆದು ಒರೆಸಿಕೊಂಡಿರುತ್ತೀಯಾ, ಗೊತ್ತು. ಒಳ್ಳೆ ಮಾತಾಡೋಣ.

ದುಡ್ಡಿನ ವಿಷಯ: ನಿನ್ನ ಹತ್ತಿರ ಇನ್ನೂ ಇಂಡಿಯನ್ ಪಾಸ್‌ಪೋರ್ಟೇ ಇದೆಯಲ್ಲ, ನಿನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಾಕುವುದಿಲ್ಲ. ನೀನಿರುವ ದೇಶದ ಪೌರತ್ವ ತೆಗೆದುಕೊಂಡರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ, ಅದು ವಿದೇಶಿ ದೇಣಿಗೆಯೇ ಆಗುತ್ತದೆ. ನಿನ್ನ ಅಲ್ಲಿಯ ಗೆಳೆಯರಿಗೂ ಹೇಳು, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕಳಿಸುವ ಮೊದಲು ಪಾಸ್‌ಪೋರ್ಟಿನ ಪ್ರತಿಯೊಂದನ್ನು ಖಜಾಂಚಿಗೆ ಕೊಟ್ಟಿರು, ಅವರಿಗೂ ನೆಮ್ಮದಿ.

ಮುಂದಿನ ಸುಗ್ಗಿ ಹಬ್ಬಕ್ಕೆ ರಜೆ ಹಾಕಿ ಬಾ. ಸೇವಂತಿಗೆ ಕುಂಡ, ಹಲಸಿನ ಹಪ್ಪಳ, ಜೇನು, ಏನು ಬೇಕಾದರೂ ಕೂಗು. ನಾಟಿ ಕೋಳಿ ಮಾತ್ರ ನನಗೆ, ಮಧ್ಯೆ ಬಾಯಿ ಹಾಕಬೇಡ. ಶನಿವಾರ ಸಂಜೆಯೇ ಬಂದರೆ ಇಬ್ಬರೂ ಮಸಾಲೆ ದೋಸೆ ತಿನ್ನೋಣ, ಬಿಲ್ ನಾನೇ ಕೊಡುತ್ತೇನೆ. ತಂಗಿಗೂ ಮಕ್ಕಳಿಗೂ ನನ್ನ ವಂದನೆ ಹೇಳು.

ನಿನ್ನ,
ಮೇಲಿನ ಮಂಚದವನು