ವಿಮಾನದ ದೂರ ಬೇರೆ, ಪ್ರಯಾಣದ ಗಂಟೆ ಬೇರೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ‘14,000 ಕಿ.ಮೀ., ಹದಿನೈದೂವರೆ ಗಂಟೆ’ ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತಿದೆ. ಪತ್ರಿಕೆಗಳಲ್ಲೂ ಇಂಥ ಲೆಕ್ಕ ಅಚ್ಚಾಗುವುದುಂಟು. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಬರುವ ಉತ್ತರವಿದು, ಅಷ್ಟೇ. ಮಕ್ಕಳ ಮನೆಗೆ ಮೊದಲ ಸಲ ಹೊರಟ ಹಿರಿಯರು ಇದನ್ನು ನಂಬಿ ಊಟ, ಮಾತ್ರೆ, ಮುಂದಿನ ವಿಮಾನ ಎಲ್ಲವನ್ನೂ ಗೊತ್ತುಮಾಡಿಕೊಳ್ಳುತ್ತಾರೆ.

14,000 ಎಂಬುದು ಗೋಳದ ಮೇಲಿನ ಅತಿ ಹತ್ತಿರದ ಗೆರೆಯ ಉದ್ದ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ: ಅದು ನೇಪಾಳ, ಟಿಬೆಟ್ ದಾಟಿ, ಸೈಬೀರಿಯಾದಾಚೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ವಿಮಾನ ಈ ದಾರದ ಗುಂಟ ಹೋಗುವುದಿಲ್ಲ. ಕ್ಯಾಬಿನ್ನಿನ ಗಾಳಿಯೊತ್ತಡ ಕುಸಿದರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಯತ್ತ ಇಳಿಯಬೇಕು. ತಲೆಯ ಮೇಲಿಂದ ಜಾರಿಬೀಳುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷಕ್ಕಷ್ಟೇ ಸಾಲುತ್ತದೆ. ಟಿಬೆಟ್‌ನಲ್ಲಿ ನೆಲವೇ ಹದಿನಾಲ್ಕು ಸಾವಿರ ಅಡಿಗಿಂತ ಮೇಲಿದ್ದರೆ ಇಳಿಯುವುದೆಲ್ಲಿಗೆ? ಅದಕ್ಕೇ ಸುತ್ತುದಾರಿ. ರಷ್ಯಾದ ಆಕಾಶವಂತೂ 2022ರಿಂದ ಅಮೆರಿಕದ ಕಂಪನಿಗಳಿಗೆ ಮುಚ್ಚಿದೆ.

ಇನ್ನು ಗಾಳಿ. ದಾರಿಯುದ್ದಕ್ಕೂ ಸರಾಸರಿ 80 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ಅದೇ 14,000ಕ್ಕೆ ಹದಿನೇಳು ಗಂಟೆ, ಬೆನ್ನಿಗೆ ಬಂದರೆ ಹದಿನಾಲ್ಕೂಕಾಲು. ಹೋಗುವಾಗಿನ ಹೊತ್ತೇ ಬರುವಾಗಲೂ ಎಂದು ಎಣಿಸಬಾರದು. ಗೇಟ್ ಬಿಟ್ಟು ರನ್‌ವೇ ತಲುಪುವ, ಇಳಿದ ಮೇಲೆ ಗೇಟ್ ಸೇರುವ ಹೊತ್ತೂ ವೇಳಾಪಟ್ಟಿಯಲ್ಲಿ ಸೇರಿರುತ್ತದೆ.

ಟಿಕೆಟ್ ನೋಡಿ ನಿಜವಾದ ಹೊತ್ತು ತಿಳಿಯುವುದು ಕಷ್ಟವಲ್ಲ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ನೇರ ವಿಮಾನವನ್ನೇ ತೆಗೆದುಕೊಳ್ಳಿ. ವೇಳಾಪಟ್ಟಿಯಂತೆ ಅಲ್ಲಿ ಶನಿವಾರ ರಾತ್ರಿ 8:30ಕ್ಕೆ ಬಿಟ್ಟು ಇಲ್ಲಿಗೆ ಸೋಮವಾರ ನಸುಕಿನ 3:45ಕ್ಕೆ ಬರಬೇಕಿತ್ತು. ಗಡಿಯಾರದ ಪ್ರಕಾರ 31 ಗಂಟೆ 15 ನಿಮಿಷ. ಭಾರತ ಹದಿಮೂರೂವರೆ ಗಂಟೆ ಮುಂದಿರುವುದರಿಂದ ಅಷ್ಟನ್ನು ಕಳೆದರೆ 17 ಗಂಟೆ 45 ನಿಮಿಷ. ಅಲ್ಲಿಗೆ ಹೋಗುವಾಗಿನ ಟಿಕೆಟ್ ಆದರೆ ಕಳೆಯುವ ಬದಲು ಕೂಡಬೇಕು. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಒಂದು ಗಂಟೆ ತಪ್ಪುವುದು ಹೆಚ್ಚಾಗಿ ಇಲ್ಲೇ.

ದುಬೈ ಮೇಲೆ ಹೋದರೆ 2,700 ಮತ್ತು 13,040, ಒಟ್ಟು 15,740 ಕಿ.ಮೀ. ಹೆಚ್ಚುವ ಹಾರಾಟ ಎರಡು ಗಂಟೆಯಷ್ಟೇ. ಪ್ರಯಾಣ ಇಡೀ ದಿನ ಹಿಡಿಯುವಂತಾದರೆ ಅದು ನಡುವಿನ ಕಾಯುವಿಕೆಯಿಂದ. ಟಿಕೆಟ್ ಕೊಳ್ಳುವಾಗ ತೂಗಿನೋಡಬೇಕಾದ್ದು ಕಿಲೋಮೀಟರನ್ನಲ್ಲ, ಈ ಕಾಯುವಿಕೆಯನ್ನು.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಹೊಸ ವಿಮಾನಸೇವೆಯ ಸುದ್ದಿ ಬರುವಾಗ ದೂರದ ಜೊತೆ ಗೇಟ್‌ನಿಂದ ಗೇಟ್‌ವರೆಗಿನ ಹೊತ್ತನ್ನು ಎರಡೂ ದಿಕ್ಕಿಗೆ ಬೇರೆಬೇರೆಯಾಗಿ ಕೊಡಿ, ಹೊರಡುವ ಮತ್ತು ತಲುಪುವ ವೇಳೆಯ ಪಕ್ಕದಲ್ಲಿ ವಾರದ ದಿನ ನಮೂದಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರ ಮುಂದೆ ಇಡಬೇಕಾದದ್ದು ಗಡಿಯಾರದ 31 ಗಂಟೆಯನ್ನಲ್ಲ, ದೇಹ ಕಳೆಯುವ ಹದಿನೇಳೂಮುಕ್ಕಾಲು ಗಂಟೆಯನ್ನು.

– ಒಬ್ಬ ಓದುಗ, ಬೆಂಗಳೂರು