ರಸ್ತೆ ಬಿಟ್ಟು ಇನ್ನೆಲ್ಲಿ ಒಣಗಿಸಬೇಕು?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನಮ್ಮ ಸರ್ವಿಸ್ ರಸ್ತೆಯ ಫೋಟೊ ಬಂದಿದೆ. ಉದ್ದಕ್ಕೂ ಒಣಹಾಕಿದ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಪಕ್ಕದಲ್ಲಿ ಜಾರಿಬಿದ್ದ ಬೈಕು. ಬಿದ್ದ ಹುಡುಗ ನನ್ನ ಮಗನ ವಾರಿಗೆಯವನು. ಅವನಿಗೆ ಪೆಟ್ಟಾಗಿದ್ದು ಓದಿ ಸಂಕಟವಾಯಿತು. ಆದರೆ ಅದೇ ಸುದ್ದಿಯಲ್ಲಿ ಒಬ್ಬ ಅಧಿಕಾರಿ ಆಡಿದ ಮಾತು ಓದಿ ಹೊಟ್ಟೆ ಉರಿಯಿತು. ರೈತರು ಹಸಿ ಕಾಳು ತರುತ್ತಾರಂತೆ, ರಸ್ತೆ ಹಾಳು ಮಾಡುತ್ತಾರಂತೆ, ಎಲ್ಲಿಂದಲೋ ಬಂದ ಬೆಳೆಗೆ ಸುಮ್ನೆ ಅಂಟಿಕೊಂಡಿದ್ದಾರಂತೆ. ಆ ರಸ್ತೆ ಮೇಲೆ ನಮ್ಮ ರಾಶಿಯೂ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಮನೆಯವರು ಬಾಡಿಗೆ ಟ್ರ್ಯಾಕ್ಟರ್‌ನಲ್ಲಿ 42 ಚೀಲ ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋದರು. ಒಂದು ಹಗಲು, ಒಂದು ರಾತ್ರಿ ಸಾಲಿನಲ್ಲಿ ಕಾದರು. ಮಲಗಿದ್ದು ಟ್ರೇಲರ್ ಕೆಳಗೆ. ಮರುದಿನ ಮಧ್ಯಾಹ್ನ ಪಾಳಿ ಬಂತು. ಒಂದು ಹಿಡಿ ಕಾಳು ತೆಗೆದು ಮಷಿನ್‌ಗೆ ಹಾಕಿದರು. ತೇವ ನೂರಕ್ಕೆ 16.8 ತೋರಿಸಿತು. 14ಕ್ಕಿಂತ ಜಾಸ್ತಿ ತೇವ ಇದ್ದರೆ ತೊಗೊಳ್ಳಲ್ಲ, ಒಣಗಿಸಿ ತನ್ನಿ ಅಂದರು. ಎಲ್ಲಿ ಒಣಗಿಸಬೇಕು ಅಂತ ಕೇಳಿದರೆ ಅದು ನಮ್ಮ ಕೆಲಸ ಅಲ್ಲ ಅಂದರು. ಬಾಡಿಗೆ ಹೋಯಿತು, ಹಮಾಲಿ ಹೋಯಿತು, ಎರಡು ದಿನದ ಕೆಲಸವೂ ಕೆಟ್ಟಿತು. ಗೇಟಿನ ಹೊರಗೆ ನಿಂತಿದ್ದ ವ್ಯಾಪಾರಿ 1,700ಕ್ಕೆ ಕೊಡ್ತೀರಾ ಅಂತ ಕೇಳಿದ. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ 2025–26ಕ್ಕೆ ಸರ್ಕಾರವೇ ಹೇಳಿದೆ ಅಲ್ವಾ?

14ರ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಹಸಿ ಕಾಳು ಕೂಡಿಟ್ಟರೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುತ್ತದೆ. ಅದನ್ನು ಕೋಳಿಗೂ ಹಾಕುವಂತಿಲ್ಲ. ಇದೆಲ್ಲ ನಮಗೂ ಗೊತ್ತು. ತೆನೆಯಿಂದ ಕಾಳು ಕಿತ್ತು ಬುಡ ನೋಡಬೇಕು. ಅಲ್ಲಿ ಕಪ್ಪು ಚುಕ್ಕೆ ಮೂಡಿದ್ದರೆ ಬಲಿತಿದೆ ಅಂತ. ಆದರೆ ಆಗಲೂ ಕಾಳಿನಲ್ಲಿ ನೂರಕ್ಕೆ 30ರ ಆಸುಪಾಸು ನೀರಿರುತ್ತದೆ. ಅದು 14ಕ್ಕೆ ಇಳಿಯಬೇಕಾದರೆ ಬಿಸಿಲು ಬೇಕು, ಗಟ್ಟಿ ನೆಲ ಬೇಕು. ಈ ಸಲ ದೀಪಾವಳಿ ಮುಗಿದರೂ ಮಳೆ ಬಿಡಲಿಲ್ಲ. ನಮ್ಮದು ಎರೆ ಹೊಲ, ಕಾಲಿಟ್ಟರೆ ಮೊಣಕಾಲ ತನಕ ಕೆಸರು. ಸಗಣಿ ಸಾರಿಸಿದ ಕಣಗಳು ಹೋಗಿ ಎಷ್ಟೋ ವರ್ಷವಾಯಿತು. ಉಳಿದದ್ದು ಡಾಂಬರು ರಸ್ತೆ ಒಂದೇ.

ಅಲ್ಲಿ ನಾನು ಮೂರು ದಿನ ಹರವಿದ ಕಾಳಿನಲ್ಲಿ ಬರಿಗಾಲಿಂದ ಸಾಲು ಬಿಡಿಸುತ್ತ ಓಡಾಡಿದ್ದೇನೆ. ಹಾಗೆ ಸಾಲು ಬಿಡಿಸದಿದ್ದರೆ ಕೆಳಗಿನದು ಒಣಗುವುದಿಲ್ಲ. ಗಂಟೆಗೊಮ್ಮೆ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುವುದು. ಕಟಕ್ ಅಂದರೆ ಒಣಗಿದೆ, ಹಲ್ಲು ಮೆತ್ತಗೆ ಇಳಿದರೆ ಇನ್ನೂ ಹಸಿ. ರಾತ್ರಿ ಎರಡಕ್ಕೆ ಮಳೆ ಬಂತು. ತಾಡಪಾಲು ಹೊದಿಸುವಷ್ಟರಲ್ಲಿ ಅರ್ಧ ತೊಯ್ದಿತ್ತು.

ಇನ್ನು ಎಲ್ಲಿಂದಲೋ ಬಂದ ಬೆಳೆ ಅನ್ನುವ ಮಾತು. ಹೌದು, ಬಂದದ್ದು ಮೆಕ್ಸಿಕೊದಿಂದ. ಸುಮಾರು 9,000 ವರ್ಷದ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಅನ್ನುವ ಕಾಡು ಹುಲ್ಲಿನಿಂದ ಇದನ್ನು ಮಾಡಿಕೊಂಡರು. ಆ ಹುಲ್ಲಿನ ತೆನೆ ಬೆರಳುದ್ದ, ಅದರಲ್ಲಿ ಹತ್ತೋ ಹನ್ನೆರಡೋ ಕಲ್ಲಿನಂಥ ಕಾಳು. ಅದನ್ನು ಆರಿಸಿ ಆರಿಸಿ ಬಿತ್ತಿ ಇಷ್ಟು ದೊಡ್ಡ ತೆನೆ ಮಾಡಿದವರು ರೈತರು, ಯಾವ ಅಧಿಕಾರಿಯೂ ಅಲ್ಲ. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ ಅದು ಸಮುದ್ರ ದಾಟಿತು. ಮೆಣಸಿನಕಾಯಿಯೂ ಆಮೇಲೆ ಅಲ್ಲಿಂದಲೇ ಬಂದದ್ದು. ಹಾಗಾದರೆ ಬ್ಯಾಡಗಿ ಮೆಣಸಿನಕಾಯಿ ನಮ್ಮದಲ್ಲವೇ? ಶೇಂಗಾ, ಟೊಮೆಟೊ, ಆಲೂಗಡ್ಡೆ ಎಲ್ಲವೂ ಆ ಕಡೆಯವೇ. ಅವನ್ನು ಊಟ ಮಾಡುವಾಗ ಯಾರೂ ಊರು ಕೇಳುವುದಿಲ್ಲ.

ಅಂಟಿಕೊಂಡಿದ್ದು ಯಾಕೆ ಅಂದರೆ, ಮಳೆ ನಂಬಿ ಬಿತ್ತಿದರೂ ನಾಲ್ಕು ತಿಂಗಳಿಗೆ ಕೈಗೆ ಬರುತ್ತದೆ. ಹತ್ತಿ, ಮೆಣಸಿನಕಾಯಿಯಷ್ಟು ಆಳು ಬೇಡ. ಸೊಪ್ಪೆ ದನಕ್ಕೆ, ಕಾಳು ಬಿಡಿಸಿದ ಬೆಂಡು ನೀರೊಲೆಗೆ. ಎಳೆ ತೆನೆ ಸುಟ್ಟು ಕೊಟ್ಟರೆ ಮಕ್ಕಳು ಬೇರೇನೂ ಕೇಳುವುದಿಲ್ಲ. ಪೇಟೆಯವರಿಗೂ ಇದು ಬೇಕು. ತಿನ್ನುವ ಮೊಟ್ಟೆಯ ಹಿಂದೆ ಇರುವುದು ಈ ಕಾಳು, ಕೋಳಿ ಮೇವಿನಲ್ಲಿ ಇದೇ ಮುಖ್ಯ. ಜ್ವರದ ಗುಳಿಗೆ ಪುಡಿಯಾಗದಂತೆ ಹಿಡಿಯುವ ಪಿಷ್ಟ, ಬಟ್ಟೆಯ ಗಂಜಿ, ಕಾಗದ, ಗ್ಲೂಕೋಸ್, ಕಾರ್ನ್‌ಫ್ಲೇಕ್ಸ್, ಅಡುಗೆ ಎಣ್ಣೆ, ಎಲ್ಲದಕ್ಕೂ ಬೇಕು. ಈಗ ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಕೂಡ ಇದರಿಂದ ಮಾಡುತ್ತಾರೆ. ಇಷ್ಟೆಲ್ಲ ಬೇಕಾದ ಕಾಳಿಗೆ ಒಣಗಲು ಹತ್ತು ಗಜ ನೆಲ ಕೊಡಲು ಯಾಕೆ ಆಗುವುದಿಲ್ಲ?

ಇವತ್ತಿನದೇ ಕಥೆ ಅಲ್ಲ ಇದು. 2018ರಲ್ಲಿ ಈ ಬೆಳೆಯ ಸುಳಿ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ರಾಜ್ಯದಲ್ಲಿ. ನಮ್ಮ ಹೊಲಕ್ಕೆ ಬಂದಾಗ ಒಂದೊಂದೇ ಸುಳಿ ಬಿಡಿಸಿ ಔಷಧಿ ಹಾಕಿದೆವು. ನೋಡಲು ಬರುತ್ತೇವೆ ಅಂದ ಅಧಿಕಾರಿಗಳು ಕಟಾವು ಮುಗಿದ ಮೇಲೆ ಬಂದು ಸಹಿ ಕೇಳಿದರು. ತಾಡಪಾಲಿಗೆ ಅರ್ಜಿ ಕೊಟ್ಟು ಎರಡು ವರ್ಷ ಆಯಿತು. ಕೇಳಲು ಹೋದರೆ ಮೀಟಿಂಗ್, ಇಲ್ಲವೇ ರಜೆ. ನಮ್ಮನ್ನು ಬೈಯಲು ಮಾತ್ರ ಇವರಿಗೆ ಬಿಡುವಿರುತ್ತದೆ.

ಖರೀದಿ ಕೇಂದ್ರದಲ್ಲೇ ಒಣಗಿಸುವ ಮಷಿನ್ ಇಡಿ. ಆಗದಿದ್ದರೆ ಊರಿಗೊಂದು ಕಾಂಕ್ರೀಟ್ ಕಣ ಕಟ್ಟಿಸಿ. ಅದೂ ಆಗದಿದ್ದರೆ ಹೆಚ್ಚಿನ ತೇವಕ್ಕೆ ತೂಕ ಕಳೆದು ತೊಗೊಳ್ಳಿ. ಏನಾದರೂ ಒಂದು ಮಾಡಿ. ಆ ಅಧಿಕಾರಿ ತಮ್ಮ ಮಾತನ್ನು ವಾಪಸ್ ತೊಗೊಳ್ಳಲಿ. ಆ ಹುಡುಗನ ಆಸ್ಪತ್ರೆ ಖರ್ಚನ್ನೂ ಸರ್ಕಾರವೇ ಕೊಡಲಿ.

ಇವತ್ತೂ ಮೋಡ ಕವಿದಿದೆ. 42 ಚೀಲವೂ ಪಡಸಾಲೆಯಲ್ಲಿವೆ. ಬೆಳಿಗ್ಗೆ ಒಂದು ಚೀಲದೊಳಗೆ ಕೈ ಇಟ್ಟು ನೋಡಿದೆ, ಕಾಳು ಬಿಸಿಯಾಗುತ್ತಿದೆ.

– ಒಬ್ಬ ರೈತ ಮಹಿಳೆ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ